ಕೈಗೆ ಕೀಲಿಕೈ ಬ್ಯಾಡ, ಮಗ್ಗಲಾಗಿ ಮಲಗಿಸ್ರಿ: ಮಿದುಳಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರದಾಗ ಬಾಳಷ್ಟು ತಲಿಗೆ ಸಂಬಂಧಪಟ್ಟವೇ ಇದ್ವು. ನಿದ್ದಿ, ಮರವು, ಫಿಟ್ಸು, ಗುಟ್ಕಾ ಚಟ, ಓದಿದ್ದು ನೆನಪಿನ್ಯಾಗ ಉಳಿಯಂಗಿಲ್ಲ ಅನ್ನೋದು. ಓದ್ತಾ ಹೋದಂಗ ಒಂದು ಸಂಗತಿ ಮನಸಿಗೆ ಬಾಳ ಕಾಡ್ತು, ಹೆಚ್ಚುಕಮ್ಮಿ ಪ್ರತಿ ಪತ್ರದಾಗೂ ಮನ್ಯಾಗ ಯಾರೋ ಒಬ್ಬರಿಗೆ ಬೈಗುಳ ಬೀಳ್ತಾ ಐತಿ, ಸೋಮಾರಿ ಅಂತ, ಹಟಮಾರಿ ಅಂತ, ಗಾಳಿ ಸೋಂಕೈತಿ ಅಂತ. ಮಿದುಳೂ ಮೈಯಾಗಿನ ಒಂದು ಅಂಗಾನೇರಿ, ಅದಕ್ಕೂ ತನ್ನ ಕಷ್ಟ ಇರ್ತಾವ, ಬೈದ್ರ ಅವು ಹೋಗಂಗಿಲ್ಲ. ಏನು ಮಾಡಿದ್ರ ಹೋಗ್ತಾವ ಅಥವಾ ಕಮ್ಮಿ ಆಗ್ತಾವ ಅಂತ ಒಂದೊಂದಾಗಿ ನೋಡೋಣ.

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ತಲಿಗೆ ಎರೆಯುವಾಗ ಬಿಸಿನೀರು ಬಿದ್ದ ಸ್ವಲ್ಪ ಹೊತ್ತಿಗೆ ಕಣ್ಣು ಒಂದೇ ಕಡೆ ನೆಟ್ಟುಬಿಡ್ತಾಳೆ, ಕರೆದ್ರೆ ಮಾತಿಲ್ಲ, ಬಾಯಿ ಚಪ್ಪರಿಸ್ತಾಳೆ, ಒಂದು ಸಲ ಕೈಕಾಲೂ ಸೆಟೆದ್ವು. ಬಚ್ಚಲದಾಗ ಗಾಳಿ ಸೋಂಕೈತಿ ಅಂತ ಅತ್ತೆಯವರು ತಾಯತ ಕಟ್ಟಿಸಿದಾರೆ. ಕೈಯಾಗ ಕೀಲಿಕೈ ಹಿಡಿಸಿದ್ರೆ ನಿಲ್ತದೆ. ಇದು ಮೂರ್ಛೆ ರೋಗಾನಾ? ಹೌದಾದ್ರೆ ಮುಂದೆ ಮದುವಿ ಗತಿ ಏನು?
— ಒಬ್ಬ ತಾಯಿ, ಕುಷ್ಟಗಿ ತಾಲೂಕು

ಉತ್ತರ: ತಂಗೀ, ನೀವು ಬರೆದಿರೋದನ್ನ ನೋಡಿದ್ರ ಇದಕ್ಕ ಡಾಕ್ಟರ್‌ಗಳು ಹಾಟ್ ವಾಟರ್ ಎಪಿಲೆಪ್ಸಿ ಅಂತಾರಲ್ಲ, ಬಿಸಿನೀರಿನ ಮೂರ್ಛೆ, ಅದು ಇರೋ ಸಾಧ್ಯತೆ ಬಾಳ ಐತಿ. ಖಾತ್ರಿ ಮಾಡಬೇಕಾದವರು ನಿಮ್ಮ ಮಗಳನ್ನ ಕಣ್ಣಾರೆ ನೋಡೋ ಡಾಕ್ಟರ್ರು. ಆದ್ರ ಇದು ಅಪರೂಪದ ವಿಚಿತ್ರ ಅಂತ ಹೆದರಬ್ಯಾಡ್ರಿ. 1945ರಾಗ ನ್ಯೂಜಿಲೆಂಡ್‌ದಾಗ ಮೊದಲು ದಾಖಲಾದ ಈ ತೊಂದರೆ ಜಗತ್ತಿನ್ಯಾಗ ಎಲ್ಲಕ್ಕಿಂತ ಹೆಚ್ಚು ಕಂಡಿರೋದು ನಮ್ಮ ದಕ್ಷಿಣ ಭಾರತದಾಗ, ಅದರಾಗೂ ಕರ್ನಾಟಕದಾಗ, ಬೆಂಗಳೂರಿನ ನಿಮ್ಹಾನ್ಸ್‌ನವರು ಇದರ ಮ್ಯಾಲೆ ವರ್ಷಗಟ್ಟಲೆ ಕೆಲಸ ಮಾಡ್ಯಾರ. ಕಾರಣ ನಮ್ಮ ಸ್ನಾನದ ರೀತಿಯೊಳಗ ಐತಿ ನೋಡ್ರಿ, ಹಂಡೆಯಾಗ ಕಾದ ನೀರು, ತಂಬಿಗಿ ಮ್ಯಾಲೆ ತಂಬಿಗಿ ಎತ್ತಿ ಸೀದಾ ನೆತ್ತಿ ಮ್ಯಾಲೆ ಸುರಿಯೋದು. ಮೈಯ ಕಾವನ್ನ ಹದದಾಗ ಇಡೋ ಕೆಲಸ ಮಿದುಳಿನ ತಳದಾಗಿರೋ ಹೈಪೋಥಲಮಸ್ ಅನ್ನೋ ಸಣ್ಣ ಭಾಗದ್ದು, ಕೆಲವರಿಗೆ ಹುಟ್ಟಿನಿಂದ ಆ ವ್ಯವಸ್ಥಾ ಸ್ವಲ್ಪ ಸೂಕ್ಷ್ಮ ಇರ್ತದ, ಹಂಗಾಗಿ 40-50 ಡಿಗ್ರಿ ನೀರು ಪಟಪಟ ಬಿದ್ದಾಗ ಮಿದುಳಿನ ಜೀವಕೋಶಗಳು ಒಮ್ಮೆಗೇ ಕರೆಂಟು ಹಾಯಿಸಿಬಿಡ್ತಾವ ಅಂತ ಸಂಶೋಧಕರ ಅಂದಾಜು. ಕೆಲವು ಮನೆತನದಾಗ ಒಬ್ಬರಿಗಿಂತ ಹೆಚ್ಚು ಮಂದಿಗೆ ಇರ್ತದ, ನಿಮ್ಮ ಕಡೆ ಅಥವಾ ಯಜಮಾನರ ಕಡೆ ಯಾರಿಗಾದ್ರೂ ಸಣ್ಣವರಿದ್ದಾಗ ಹಿಂಗ ಆಗ್ತಿತ್ತಾ ಕೇಳಿ ಇಟ್ಕೊರಿ, ಡಾಕ್ಟರ್‌ಗೆ ಹೇಳಾಕ ಬೇಕಾಗ್ತದ.

ಇನ್ನು ಕೀಲಿಕೈ ವಿಚಾರ. ಫಿಟ್ಸ್ ಬಂದಾಗ ಬಾಳ ಸಲ ಅದು ಒಂದೆರಡು ನಿಮಿಷದಾಗ ತಾನಾಗೇ ನಿಲ್ತದರಿ. ಮಂದಿ ಓಡಾಡಿ, ಕೀಲಿಕೈ ಹುಡುಕಿ, ಬಿಗಿಯಾದ ಮುಷ್ಟಿ ಬಿಡಿಸಿ ಒಳಗಿಡೋಷ್ಟೊತ್ತಿಗೆ ಆ ಎರಡು ನಿಮಿಷ ಮುಗಿದಿರ್ತದ, ಹೆಸರು ಕಬ್ಬಿಣಕ್ಕ ಬರ್ತದ. ಉಳ್ಳಾಗಡ್ಡಿ ಮೂಸಿಸೋದು, ಚಪ್ಪಲಿ ಮೂಸಿಸೋದು, ಇವೂ ಹಂಗ. ಇವುಗಳಿಂದ ಆಗೋ ಕೇಡು ಏನಪ್ಪಾ ಅಂದ್ರ ಮಾಡಬೇಕಾದ ಕೆಲಸ ಬಿಟ್ಟು ಹೋಗ್ತದ. ಮಾಡಬೇಕಾದದ್ದು ಇಷ್ಟು: ಕೂಸನ್ನ ಒಂದು ಮಗ್ಗಲಿಗೆ ಹೊರಳಿಸಿ ಮಲಗಿಸ್ರಿ, ಜೊಲ್ಲು ಹೊರಗ ಹರಿದು ಹೋಗ್ಲಿ, ತಲಿ ಕೆಳಗ ಟವೆಲ್ ಮಡಚಿ ಇಡ್ರಿ, ಬಾಯಾಗ ಚಮಚಾ, ಬಟ್ಟೆ, ಬೆರಳು ಏನೂ ಇಡಬ್ಯಾಡ್ರಿ, ಕೈಕಾಲು ಅದುಮಿ ಹಿಡಿಯಬ್ಯಾಡ್ರಿ, ಪೂರಾ ಎಚ್ಚರ ಆಗೋ ತನಕ ನೀರು ಕುಡಿಸಬ್ಯಾಡ್ರಿ, ಗಡಿಯಾರ ನೋಡ್ರಿ. ಐದು ನಿಮಿಷ ದಾಟ್ತು ಅಂದ್ರ ಅಥವಾ ಎಚ್ಚರ ಆಗದಂಗ ಮತ್ತೊಂದು ಬಂತು ಅಂದ್ರ 108ಕ್ಕ ಫೋನ್ ಮಾಡ್ರಿ. ಮನ್ಯಾಗ ಇನ್ನೊಬ್ಬರು ಇದ್ರ ಅದನ್ನ ಮೊಬೈಲ್‌ದಾಗ ವಿಡಿಯೊ ಮಾಡಲಿ, ಎರಡು ಫಿಟ್ಸಿನ ನಡುವೆ ಮಿದುಳಿನ ಕರೆಂಟು ಅಳೆಯೋ ಇಇಜಿ ಪರೀಕ್ಷೆ ಮಾಡಿಸಿದ್ರ ಎಷ್ಟೋ ಸಲ ನಾರ್ಮಲ್ ಅಂತಾನೇ ಬರ್ತದ, ಆಗ ಡಾಕ್ಟರ್‌ಗೆ ಆ ಅರ್ಧ ನಿಮಿಷದ ವಿಡಿಯೊ ಬಾಳ ಉಪಯೋಗ ಆಗ್ತದ.

ಸ್ನಾನ ಹೆಂಗ ಅಂದ್ರ, ತಲಿಗೆ ಉಗುರುಬೆಚ್ಚಗಿನ ನೀರು ಸಾಕು, ಒಂದೇ ಸಮ ಸುರಿಯಬ್ಯಾಡ್ರಿ, ಮೈ ತೊಳಿಯೋ ದಿನ ಬ್ಯಾರೆ ತಲಿ ತೊಳಿಯೋ ದಿನ ಬ್ಯಾರೆ ಇಟ್ಕೊಂಡ್ರೂ ಆಗ್ತದ, ಒದ್ದಿ ಬಟ್ಟೆಯಿಂದ ಕೂದಲು ಒರೆಸಿ ತೊಳೆದ್ರೂ ಆಗ್ತದ. ಬಚ್ಚಲದ ಬಾಗಿಲಿಗೆ ಒಳಗಿಂದ ಚಿಲಕ ಹಾಕಬ್ಯಾಡ್ರಿ. ಕಾಲುವಿ, ಬಾವಿ, ಕೆರಿಗೆ ಒಬ್ಬಾಕೀನ ಕಳಿಸೋದಂತೂ ಬ್ಯಾಡವೇ ಬ್ಯಾಡ. ಇನ್ನೊಂದು ಗಮನಿಸ್ರಿ, ಕೆಲವು ಮಕ್ಕಳಿಗೆ ಆ ಹೊತ್ತಿನ್ಯಾಗ ಒಂಥರಾ ಹಿತ ಅನಿಸಿ ಬ್ಯಾಡ ಅಂದ್ರೂ ತಾವೇ ತಂಬಿಗಿ ಎತ್ತಿ ಸುರ್ಕೋತಾರ, ಅದು ಹಟ ಅಲ್ಲ, ಅದೂ ಈ ಕಾಯಿಲೆ ಲಕ್ಷಣಾನೇ, ಅದಕ್ಕ ಹೊಡಿಬ್ಯಾಡ್ರಿ. ಬಾಳ ಮಂದಿಗೆ ನೀರಿನ ಕಾವು ಇಳಿಸಿದ್ರೇ ಸಾಕಾಗ್ತದ, ಸಾಲದಿದ್ರ ತಲಿ ಎರೆಯೋಕಿಂತ ಒಂದೆರಡು ತಾಸು ಮೊದಲು ಮಾತ್ರ ಕೊಡೋ ಗುಳಿಗಿ ಐತಿ, ಅದನ್ನ ಡಾಕ್ಟರ್ರೇ ಬರೀಬೇಕು. ಕೆಲವರಿಗೆ ಮುಂದ ನೀರಿಲ್ಲದೇನೂ ಫಿಟ್ಸ್ ಬರಾಕ ಶುರು ಆಗ್ತಾವ, ಅದಕ್ಕಾಗೇ ತಾಯತದ ಮ್ಯಾಲೆ ಬಿಟ್ಟು ಕೂಡಬ್ಯಾಡ್ರಿ ಅಂತ ಇಷ್ಟು ಒತ್ತಿ ಹೇಳಾಕತ್ತೀನಿ. ತಾಯತ ಕೈಯಾಗ ಇರ್ಲಿ ಬಿಡ್ರಿ, ಅತ್ತೆಯವರ ಮನಸಿಗೆ ಸಮಾಧಾನ. ಆದ್ರ ಕೊಪ್ಪಳ ಜಿಲ್ಲಾ ಆಸ್ಪತ್ರಿಗೆ ಈ ವಾರಾನೇ ಹೋಗ್ರಿ.

ಮದುವಿ ಬಗ್ಗೆ ಕೇಳಿರಿ. ಮೂರ್ಛೆ ಇರೋರಾಗ ಸುಮಾರು 70 ಪರ್ಸೆಂಟ್ ಮಂದಿಗೆ ಸರಿಯಾದ ಔಷಧ ತಪ್ಪದಂಗ ತಗೊಂಡ್ರ ಫಿಟ್ಸ್ ಬರೋದೇ ನಿಂತುಬಿಡ್ತದ, ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಾತು. ಹಿಂದೂ ವಿವಾಹ ಕಾಯ್ದೆಯಾಗ ಮೂರ್ಛೆ ರೋಗ ಅಡ್ಡಿ ಅಂತ ಬರೆದಿದ್ದನ್ನ 1999ರಾಗೇ ತಗದು ಹಾಕ್ಯಾರ. ನಿಮ್ಮ ಮಗಳು ಸಾಲಿ ಕಲೀಲಿ, ಆಟ ಆಡ್ಲಿ. ಇನ್ನೊಂದು ಮಾತು ನಮ್ಮ ಭಾಗದವರು ಹೆಮ್ಮೆಯಿಂದ ನೆನಪಿಡಬೇಕು, 1985ರಿಂದ 90ರ ತನಕ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲಾದ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗಳಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆ ಮತ್ತು ಮೂರ್ಛೆಗೆ ಹಳ್ಳಿಯೊಳಗೇ ಚಿಕಿತ್ಸೆ ಕೊಡಬಹುದು ಅಂತ ತೋರಿಸಿದ್ರು, ಬಳ್ಳಾರಿ ಮಾದರಿ ಅಂತಾನೇ ಅದಕ್ಕ ಹೆಸರಾಗಿ 1996ರಾಗ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅದರ ಮ್ಯಾಲೇ ನಿಂತ್ತು. ನಮ್ಮ ನೆಲದಾಗ ಆದ ಕೆಲಸ ಇದು, ಅದರ ಉಪಯೋಗ ನಾವು ತಗೋಬೇಕಲ್ಲ.

ಪ್ರಶ್ನೆ: ನಮ್ಮೆಜಮಾನರಿಗೆ ತೋರಣಗಲ್ ಕಡೆ ಫ್ಯಾಕ್ಟರಿಯಾಗ ಡ್ಯೂಟಿ. ನೈಟ್ ಶಿಫ್ಟ್ ವಾರ ಬಂತಂದ್ರೆ ಮನೆಯಾಗ ಜಗಳ. ಹಗಲೆಲ್ಲ ಮಲಗ್ತಾರೆ ಆದ್ರೂ ನಿದ್ದೆ ಆಗಿಲ್ಲ ಅಂತಾರೆ, ಸಿಡಿಸಿಡಿ ಅಂತಾರೆ. ಹಗಲು ಮಲಗೋ ಗಂಡಸು ಮನೆಗೆ ದರಿದ್ರ ಅಂತ ಮಾವನವರು ಎದ್ದು ಕೂತು ಮಾತಾಡ್ತಾರೆ.
— ಗೃಹಿಣಿ, ಬಳ್ಳಾರಿ

ಉತ್ತರ: ಅಕ್ಕಾರ, ಮೊದಲು ಮಾವನವರಿಗೆ ಇದನ್ನ ಓದಿ ಹೇಳ್ರಿ. ಎರಡೂ ಕಣ್ಣಿನಿಂದ ಬರೋ ನರಗಳು ಮಿದುಳಿನ ತಳದಾಗ ಒಂದನ್ನೊಂದು ದಾಟ್ತಾವಲ್ಲ, ಅದರ ಮ್ಯಾಲೇ ಸುಮಾರು 20 ಸಾವಿರ ನರಕೋಶದ ಒಂದು ಪುಟ್ಟ ಗುಂಪು ಐತಿ, ಅದೇ ನಮ್ಮ ಮೈಯ ಗಡಿಯಾರ. ಯಾವಾಗ ನಿದ್ದಿ, ಯಾವಾಗ ಹಸಿವು, ಯಾವಾಗ ಮೈ ಕಾವು ಏರಬೇಕು ಇಳಿಬೇಕು ಅಂತ ಅದು ನಡಸ್ತದ. ಈ ಗಡಿಯಾರ ಜೀವಕೋಶದೊಳಗ ಹೆಂಗ ನಡೀತದ ಅಂತ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್, ಮೈಕೆಲ್ ಯಂಗ್ ಈ ಮೂರು ಮಂದಿಗೆ 2017ರಾಗ ನೊಬೆಲ್ ಬಂತು. ಆ ಗಡಿಯಾರಕ್ಕ ಟೈಮ್ ತಿಳಿಸೋದು ಬೆಳಕು. ನೈಟ್ ಮುಗಿಸಿ ಮುಂಜಾನೆ ಗೇಟಿನಿಂದ ಹೊರಗ ಬಂದ್ರೆ ನಮ್ಮ ಬಳ್ಳಾರಿ ಬಿಸಿಲು ಕಣ್ಣಿಗೆ ಹೊಡಿತದ, ಆಗ ಗಡಿಯಾರ ಹೊತ್ತು ಹುಟ್ಟಿತು, ಏಳು ಅಂತ ಹೇಳ್ತದ, ನಿಮ್ಮ ಯಜಮಾನರು ಅದರ ವಿರುದ್ಧ ಮಲಗಾಕ ಒದ್ದಾಡ್ತಾರ. ಹಂಗಾಗಿ ಹಗಲು ಎಂಟು ತಾಸು ಹಾಸಿಗಿ ಮ್ಯಾಲಿದ್ರೂ ನಿದ್ದಿ ತುಂಡುತುಂಡು ಆಗ್ತದ. ನಿದ್ದಿ ಬರಬೇಕಾದ್ರ ಮೈಯೊಳಗಿನ ಕಾವು ಸುಮಾರು ಒಂದು ಡಿಗ್ರಿ ಇಳಿಬೇಕು, ಇಲ್ಲಿ ಮೇ ತಿಂಗಳ ಮಧ್ಯಾಹ್ನ ಆರ್‌ಸಿಸಿ ಮನಿಯೊಳಗ ಇಳಿ ಅಂದ್ರ ಎಲ್ಲಿಂದ ಇಳಿಬೇಕು ಹೇಳ್ರಿ.

ಏನು ಮಾಡಬಹುದು ಅಂದ್ರ, ಮನಿಗೆ ಬರುವಾಗ ಕರಿ ಕನ್ನಡಕ ಹಾಕ್ಕೊಳ್ಳಿ, ಬಂದ ಮ್ಯಾಲೆ ಮೊಬೈಲ್ ಹಿಡ್ಕೊಂಡು ಕೂಡೋದು ಬ್ಯಾಡ, ಹಗುರಾಗಿ ತಿಂದು ಸ್ನಾನ ಮಾಡಿ ಸೀದಾ ಮಲಗಲಿ. ಮನಿಯಾಗ ತಂಪಿರೋ ಕೋಣೆ ಯಾವುದೈತೋ ಅದನ್ನ ಅವರಿಗೆ ಬಿಡ್ರಿ, ಕಿಟಕಿಗೆ ದಪ್ಪ ಕರಿ ಬಟ್ಟೆ ಇಲ್ಲಾ ಕೊನಿಗೆ ಗೋಣಿಚೀಲಾನಾದ್ರೂ ಕಟ್ರಿ, ಕೂಲರ್ ಸದ್ದು ಇದ್ರ ಒಳ್ಳೇದೇ, ಹೊರಗಿನ ಗದ್ದಲ ಮುಚ್ತದ. ಡ್ಯೂಟಿಗೆ ಹೋಗೋಕಿಂತ ಮುಂಚೆ ಸಂಜಿ ಒಂದು ತಾಸು ಕಣ್ಣು ಮುಚ್ಚಿದ್ರ ರಾತ್ರಿ ಹಗುರ ಆಗ್ತದ. ಚಾ ವಿಷಯ ಬಾಳ ಮಂದಿಗೆ ಗೊತ್ತಿಲ್ಲ. ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನ್ಯಾಗ ಅಡಿನೋಸಿನ್ ಅನ್ನೋ ರಾಸಾಯನಿಕ ಕೂಡ್ತಾ ಹೋಗ್ತದ, ಅದೇ ನಿದ್ದಿ ಒತ್ತಡ, ಚಾದಾಗಿನ ಕೆಫೀನ್ ಅದು ಕೂಡೋ ಜಾಗಾ ಹಿಡ್ಕೊಂಡು ಕೂತುಬಿಡ್ತದ, ದಣಿವು ಹೋಗಿಲ್ಲ ದಣಿವಿನ ಸುದ್ದಿ ಮುಟ್ಟಿಲ್ಲ ಅಷ್ಟೇ. ಮತ್ತ ಅದರ ಅರ್ಧ ಪಾಲು ಮೈಯಿಂದ ಹೋಗಾಕ ಸುಮಾರು ಐದು ತಾಸು ಬೇಕು. ನಸುಕಿನ ನಾಕಕ್ಕ ಕುಡಿದ ಗಟ್ಟಿ ಚಾ ಮುಂಜಾನೆ ಒಂಬತ್ತಕ್ಕ ಇನ್ನೂ ಅರ್ಧ ಐತಿ ಅಂತ ಲೆಕ್ಕ, ಹಂಗಾಗಿ ಶಿಫ್ಟಿನ ಮೊದಲರ್ಧದಾಗ ಕುಡೀರಿ, ಆಮೇಲೆ ನಿಲ್ಲಿಸ್ರಿ.

ನನಗೆ ಎಲ್ಲಕ್ಕಿಂತ ಹೆದರಿಕಿ ಆಗೋದು ವಾಪಸ್ ಬರೋ ಬೈಕಿನ ಬಗ್ಗೆ. 1997ರಾಗ ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಅನ್ನೋರು ಪರೀಕ್ಷೆ ಮಾಡಿ ತೋರಿಸಿದ್ರು, 17 ತಾಸು ಎಚ್ಚರ ಇದ್ದ ಮನುಷ್ಯನ ಕೈ-ಕಣ್ಣಿನ ಚುರುಕು, ರಕ್ತದಾಗ 0.05 ಪರ್ಸೆಂಟ್ ಆಲ್ಕೋಹಾಲ್ ಇದ್ದವನ ಮಟ್ಟಕ್ಕ ಇಳಿದಿರ್ತದ. ನಮ್ಮ ದೇಶದಾಗ ಗಾಡಿ ಓಡಿಸೋರಿಗೆ ಇರೋ ಮಿತಿ 0.03. ಒಂದು ಹನಿ ಕುಡಿಯದ ಮನುಷ್ಯ ಮಿತಿ ದಾಟಿ ಕುಡಿದವನಂಥ ಸ್ಥಿತಿಯಾಗ ಅದಿರಿನ ಲಾರಿಗಳ ನಡುವೆ ಬರ್ತಿರ್ತಾನ. ಕಂಪನಿ ಬಸ್ಸಿದ್ರ ಅದರಾಗೇ ಬರಲಿ, ಇಲ್ಲಾಂದ್ರ ಹೊರಡೋಕಿಂತ ಮುಂಚೆ ಅಲ್ಲೇ ಕುಂತು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಬರಲಿ. ಶಿಫ್ಟ್ ಬದಲಾಯಿಸೋದು ನಿಮ್ಮ ಕೈಯಾಗ ಇಲ್ಲ ಖರೆ, ಆದ್ರೂ ಯೂನಿಯನ್ನಿನವರು ಓದ್ತಿದ್ರ ಒಂದು ಮಾತು: ಮುಂಜಾನೆ, ಮಧ್ಯಾಹ್ನ, ರಾತ್ರಿ ಈ ಕ್ರಮದಾಗ ಶಿಫ್ಟ್ ತಿರುಗಿದ್ರ ಮೈಗೆ ಹೊಂದತದ, ಉಲ್ಟಾ ತಿರುಗಿದ್ರ ಹೊಂದಂಗಿಲ್ಲ, ಯಾಕಂದ್ರ ಮನುಷ್ಯನ ಒಳಗಿನ ಗಡಿಯಾರ 24 ತಾಸಿಗಿಂತ ಸ್ವಲ್ಪ ಉದ್ದ ಐತಿ, ಮುಂದಕ್ಕ ಹೋಗೋದು ಅದಕ್ಕ ಸಲೀಸು.

ಪ್ರಶ್ನೆ: ಬಾದಾಮಿ ನೆನೆಸಿ ತಿಂದ್ರೆ ನೆನಪಿನ ಶಕ್ತಿ ಹೆಚ್ಚಾಗುತ್ತಾ? ನಮಗೆ ಅಷ್ಟು ರೊಕ್ಕ ಇಲ್ಲ.
— ದೇವದುರ್ಗ

ಉತ್ತರ: ಬಾದಾಮಿ ತಿಂದು ಯಾರ ನೆನಪೂ ರಾತ್ರೋರಾತ್ರಿ ಏರಿಲ್ಲ. ಶೇಂಗಾ ತಿನ್ರಿ, ಹೆಸರು, ಸೊಪ್ಪು, ತತ್ತಿ ತಿನ್ರಿ, ಅಯೋಡಿನ್ ಉಪ್ಪು ವಾಪರಸ್ರಿ. ಮೈ ತೂಕದಾಗ ಮಿದುಳು ಬರೇ 2 ಪರ್ಸೆಂಟ್, ಆದ್ರ ಮೈ ಖರ್ಚು ಮಾಡೋ ಶಕ್ತಿಯಾಗ ಸುಮಾರು 20 ಪರ್ಸೆಂಟ್ ಅದಕ್ಕೇ ಬೇಕು, ರಕ್ತ ಕಮ್ಮಿ ಇದ್ದ ಮಗುವಿಗೆ ಪಾಠದ ಮ್ಯಾಲೆ ಲಕ್ಷ್ಯ ನಿಲ್ಲೋದೇ ಕಷ್ಟ. ಸಾಲಿಯಾಗ ವಾರಕ್ಕೊಮ್ಮೆ ಕೊಡೋ ಕಬ್ಬಿಣಾಂಶದ ಗುಳಿಗಿ, ದೊಡ್ಡ ಮಕ್ಕಳಿಗೆ ನೀಲಿ ಬಣ್ಣದ್ದು ಇರ್ತದ, ಅದನ್ನ ಮಕ್ಕಳು ಕಿಸೆಯಾಗ ಇಟ್ಕೊಂಡು ಬಂದು ಒಗಿತಾವ. ಅದು ನುಂಗಿದ್ರ ಬಾದಾಮಿಗಿಂತ ಉಪಯೋಗ.

ಪ್ರಶ್ನೆ: ನಮ್ಮೂರಿನಾಗ ಮಿಡ್‌ಬ್ರೈನ್ ಆಕ್ಟಿವೇಶನ್ ಕ್ಲಾಸ್ ಅಂತ ಬಂದಾರೆ. ಕಣ್ಣಿಗೆ ಪಟ್ಟಿ ಕಟ್ಟಿದ ಮಕ್ಕಳು ಕಾರ್ಡಿನ ಬಣ್ಣ ಹೇಳಿದ್ರು, ಪುಸ್ತಕ ಓದಿದ್ರು, ನಾನೇ ನೋಡೀನಿ. ಫೀಸು ಸಾವಿರಗಟ್ಟಲೆ. ಮಿದುಳಿನಾಗ 10 ಪರ್ಸೆಂಟ್ ಮಾತ್ರ ನಾವು ಬಳಸ್ತೀವಂತೆ, ಉಳಿದದ್ದು ಇವರು ಎಬ್ಬಸ್ತಾರಂತೆ. ಸೇರಿಸಲಾ?
— ಒಬ್ಬ ತಂದೆ, ರಾಯಚೂರು

ಉತ್ತರ: ಬ್ಯಾಡ್ರಿ ಅಣ್ಣಾರ, ಖಂಡಿತ ಬ್ಯಾಡ. ಮಿಡ್‌ಬ್ರೈನ್ ಅಂದ್ರ ನಡುಮಿದುಳು, ಅದು ಹುಟ್ಟಿದ ದಿನದಿಂದ ಎಲ್ಲರಿಗೂ ಕೆಲಸ ಮಾಡ್ತಾನೇ ಇರ್ತದ, ಬೆಳಕು ಬಿದ್ರ ಕಣ್ಣಿನ ಪಾಪೆ ಸಣ್ಣದಾಗೋದು, ಸದ್ದಾದ ಕಡೆ ತಲಿ ತಿರುಗೋದು ಇದೆಲ್ಲ ಅದರದ್ದೇ ಕೆಲಸ. ಡೋಪಮಿನ್ ಅನ್ನೋ ಮಿದುಳಿನ ರಾಸಾಯನಿಕ ತಯಾರಿಸೋ ಒಂದು ಕಪ್ಪನೆಯ ಭಾಗಾನೂ ಅಲ್ಲೇ ಐತಿ, ಅಲ್ಲಿನ ಕೋಶ ಸತ್ರ ಪಾರ್ಕಿನ್ಸನ್ ಬಂದು ಕೈ ನಡುಗ್ತದ. ಅದು ಮಲಗಿದ್ದು, ಇವರು ಬಂದು ಎಬ್ಬಿಸಿದ್ರು ಅನ್ನೋದು ಶುದ್ಧ ಸುಳ್ಳು. ಕಣ್ಣಿನ ಪರದೆಗೆ ಬೆಳಕು ಬೀಳದ ಹೊರತು ಯಾವ ಮಿದುಳೂ ಕಾರ್ಡಿನ ಬಣ್ಣ ನೋಡಾಕ ಸಾಧ್ಯ ಇಲ್ಲ. ಹತ್ತು ಪರ್ಸೆಂಟ್ ಮಾತೂ ಹಂಗೇ, ಸ್ಕ್ಯಾನಿನ್ಯಾಗ ನೋಡಿದ್ರ ಮಲಗಿದಾಗ ಸೈತ ಸುಮ್ಮನೆ ಬಿದ್ದಿರೋ ಮೂಲಿ ಅಂತ ಯಾವುದೂ ಕಾಣಂಗಿಲ್ಲ, ಸಣ್ಣ ಒಂದು ಭಾಗಕ್ಕ ರಕ್ತ ನಿಂತ್ರೂ ಮಾತು ಹೋಗ್ತದ ಇಲ್ಲಾ ಕೈ ಹೋಗ್ತದ.

ಮಕ್ಕಳು ಓದಿದ್ದು ಹೆಂಗ ಅಂದ್ರ ಮೂಗಿನ ಪಕ್ಕದ ಸಂದಿಯಿಂದ. ಎಷ್ಟೇ ಬಿಗಿ ಕಟ್ರಿ, ಮೂಗಿನ ಎರಡೂ ಬದಿಗೆ ಸಣ್ಣ ಕಿಂಡಿ ಉಳಿತದ, ಗಲ್ಲ ಸ್ವಲ್ಪ ಮ್ಯಾಲೆ ಎತ್ತಿ ಕೆಳಗ ನೋಡಿದ್ರ ಮಡಿಲಾಗಿರೋ ಪುಸ್ತಕ ಸ್ವಚ್ಛ ಕಾಣ್ತದ. ನೀವೇ ಮನ್ಯಾಗ ಕಟ್ಕೊಂಡು ನೋಡ್ರಿ, ಇದಕ್ಕ ಕ್ಲಾಸ್ ಬೇಕಾಗಿಲ್ಲ. ಮುಂದಿನ ಸಲ ಪ್ರದರ್ಶನಕ್ಕ ಹೋದ್ರ ಪುಸ್ತಕವನ್ನ ಮಗುವಿನ ಹಣಿಗಿಂತ ಮ್ಯಾಲೆ ಹಿಡಿರಿ ಅನ್ರಿ ಅಥವಾ ಗಲ್ಲದ ಕೆಳಗ ಒಂದು ರಟ್ಟು ಅಡ್ಡ ಹಿಡಿರಿ, ಓದೋದು ನಿಂತುಬಿಡ್ತದ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಈ ಆಟವನ್ನ ಎಷ್ಟೋ ಕಡೆ ಜನರ ಮುಂದ ಬಯಲು ಮಾಡ್ಯಾರ. ರೊಕ್ಕ ಹೋದ್ರ ದುಡಿಬಹುದು, ನನಗೆ ಸಂಕಟ ಆಗೋದು ಆ ಎಂಟು ಹತ್ತು ವರ್ಷದ ಕೂಸುಗಳಿಗೆ ಅಪ್ಪ ಅಮ್ಮನ ಮುಂದ ಸುಳ್ಳು ಹೇಳಾಕ ಕಲಿಸ್ತಾರಲ್ಲ ಅದಕ್ಕ. ಅವಕ್ಕ ಗೊತ್ತಿರ್ತದ ತಾವು ಸಂದಿಯಿಂದ ನೋಡ್ತೀವಿ ಅಂತ, ಹೇಳಿದ್ರ ಅಪ್ಪ ಬೇಜಾರಾಗ್ತಾನ ಅಂತ ಬಾಯಿ ಮುಚ್ಕೊಂಡಿರ್ತಾವ.

ಪ್ರಶ್ನೆ: 21 ದಿನ ಗುಟ್ಕಾ ಬಿಟ್ರೆ ಚಟ ಹೋಗ್ತದೆ ಅಂತ ಮೊಬೈಲ್‌ನಾಗ ನೋಡಿ ಬಿಟ್ಟಿದ್ದೆ. ಸಂಬಂಧಿಕರ ಊರಾಗ ಇದ್ದಾಗ ನೆನಪೇ ಬರಲಿಲ್ಲ, ತಿರುಗಿ ಸಿಂಧನೂರಿಗೆ ಬಂದು ಬಸ್‌ಸ್ಟ್ಯಾಂಡಿನಾಗ ಇಳಿದ ಕೂಡ್ಲೇ ಕೈ ತಾನಾಗೇ ಕಿಸೆಗೆ ಹೋಯ್ತು. ಮನೆಯಾಗ ನಿನಗೆ ಮನಸಿನ ಗಟ್ಟಿತನ ಇಲ್ಲ ಅಂತಾರೆ.
— ಸಿಂಧನೂರು

ಉತ್ತರ: ತಮ್ಮಾ, ನೀ ಬರೆದ ಎರಡು ಸಾಲಿನ್ಯಾಗೇ ಉತ್ತರ ಐತಿ. ತಂಬಾಕಿನ್ಯಾಗಿನ ನಿಕೋಟಿನ್ ಮಿದುಳಿನ ಕೋಶದ ಮ್ಯಾಲಿರೋ ಕೆಲವು ಗ್ರಾಹಕಗಳಿಗೆ ಹೋಗಿ ಅಂಟ್ಕೋತದ, ಡೋಪಮಿನ್ ಸುರೀತದ, ದಿನಾ ತಿಂದ್ರ ಆ ಗ್ರಾಹಕಗಳ ಸಂಖ್ಯೇನೇ ಹೆಚ್ಚಾಗ್ತದ, ಬಿಟ್ಟಾಗ ಅವೆಲ್ಲ ಖಾಲಿ ಬಿದ್ದು ತಲಿ ನೋವು, ಸಿಟ್ಟು, ಚಡಪಡಿಕೆ. ಆ ತ್ರಾಸು ಬಿಟ್ಟ ಎರಡು ಮೂರನೇ ದಿನಕ್ಕ ಜೋರಾಗಿರ್ತದ, ಎರಡರಿಂದ ನಾಕು ವಾರದಾಗ ಇಳೀತದ. ಆದ್ರ ಡೋಪಮಿನ್ ಇನ್ನೊಂದು ಕೆಲಸಾನೂ ಮಾಡಿರ್ತದ, ಯಾವ ಜಾಗಾ, ಯಾವ ಹೊತ್ತು, ಯಾರ ಜೊತಿ ಇದ್ದಾಗ ಅದು ಸಿಕ್ಕಿತ್ತು ಅನ್ನೋದನ್ನ ಮಿದುಳಿನ್ಯಾಗ ಬರೆದಿಟ್ಟಿರ್ತದ. ಬಸ್‌ಸ್ಟ್ಯಾಂಡು ಕಂಡ ಕೂಡ್ಲೇ ಆ ಬರಹ ಎದ್ದು ಬರ್ತದ. ಇದಕ್ಕ ದೊಡ್ಡ ಸಾಕ್ಷಿ ಒಂದೈತಿ, ವಿಯೆಟ್ನಾಮ್ ಯುದ್ಧಕ್ಕ ಹೋದ ಅಮೆರಿಕದ ಸೈನಿಕರಾಗ ಎಷ್ಟೋ ಮಂದಿ ಅಲ್ಲಿ ಹೆರಾಯಿನ್ ಚಟಕ್ಕ ಬಿದ್ದಿದ್ರು, 1971ರಿಂದ ಲೀ ರಾಬಿನ್ಸ್ ಅನ್ನೋ ಸಂಶೋಧಕಿ ಅವರ ಬೆನ್ನು ಹತ್ತಿ ನೋಡಿದ್ರ, ಊರಿಗೆ ಮರಳಿದ ಮೊದಲ ವರ್ಷದಾಗ ಮತ್ತ ಚಟಕ್ಕ ಬಿದ್ದವರು ಸುಮಾರು 5 ಪರ್ಸೆಂಟ್ ಮಾತ್ರ. ಜಾಗಾ ಬದಲಾಗಿತ್ತು, ಜೊತಿಗಾರರು ಬದಲಾಗಿದ್ರು. ನಿನಗ ಸಂಬಂಧಿಕರ ಊರಾಗ ಆದದ್ದೂ ಅದೇ.

ಈಗ ಸಿಂಧನೂರು ಬಿಟ್ಟು ಹೋಗು ಅಂತ ಹೇಳಾಕ ಆಗಂಗಿಲ್ಲ, ಆದ್ರ ಸಿಂಧನೂರಿನೊಳಗೇ ದಾರಿ ಬದಲಾಯಿಸಬಹುದು. ಆ ಅಂಗಡಿ ಮುಂದ ಹಾಯಬ್ಯಾಡ, ಇನ್ನೊಂದು ಸ್ಟಾಪಿನ್ಯಾಗ ಇಳಿ. ಊಟ ಆದ ಮ್ಯಾಲೆ ತಿಂತಿದ್ದಿ ಅಂದ್ರ ಊಟ ಆದ ಕೂಡ್ಲೇ ಬಾಯಾಗ ಬಡೇಸೋಪು ಇಲ್ಲಾ ಲವಂಗ ಹಾಕ್ಕೊ. ಕಿಸೆಯಾಗ ಚಿಲ್ಲರೆ ಇಟ್ಕೊಬ್ಯಾಡ. ಗೆಳೆಯರಿಗೆ ಬಾಯಿ ಬಿಟ್ಟು ಹೇಳು, ನನ್ನ ಮುಂದ ಪಾಕೀಟು ಹರೀಬ್ಯಾಡ್ರಿ ಅಂತ. ಆಸೆ ಎದ್ದಾಗ ಅದು ಕೆಲವೇ ನಿಮಿಷ ಇರ್ತದ, ನೀರು ಕುಡಿ, ಎದ್ದು ನಡೆ, ಯಾರಿಗಾದ್ರೂ ಫೋನ್ ಹಚ್ಚು. 1800-11-2356 ಅಂತ ತಂಬಾಕು ಬಿಡಿಸೋ ಸರ್ಕಾರಿ ಫುಕಟ್ ನಂಬರ್ ಐತಿ, ಡಾಕ್ಟರ್ರ ಹತ್ರ ನಿಕೋಟಿನ್ ಗಮ್ ಕೇಳು. 21 ದಿನದ ಲೆಕ್ಕ ಎಲ್ಲಿಂದ ಬಂತು ಅಂದ್ರ, 1960ರಾಗ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನೋ ಪ್ಲಾಸ್ಟಿಕ್ ಸರ್ಜನ್ ತನ್ನ ಪೇಶಂಟುಗಳು ಹೊಸ ಮುಖಕ್ಕ ಹೊಂದಿಕೊಳ್ಳಾಕ ಕನಿಷ್ಠ ಅಷ್ಟು ದಿನ ಬೇಕು ಅಂತ ಬರೆದಿದ್ದ, ಅದನ್ನ ಮಂದಿ ಎಲ್ಲಾ ರೂಢಿಗೂ ಹಚ್ಚಿಬಿಟ್ರು. 2010ರಾಗ ಲಂಡನ್ನಿನ್ಯಾಗ ಫಿಲಿಪಾ ಲ್ಯಾಲಿ ಮತ್ತು ಜೊತಿಗಾರರು ಖರೇನೇ ಅಳೆದು ನೋಡಿದಾಗ ಹೊಸ ರೂಢಿ ಮೈಗೂಡಾಕ ಸರಾಸರಿ 66 ದಿನ ಅಂತ ಬಂತು, ಒಬ್ಬೊಬ್ಬರಿಗೆ 18 ದಿನದಿಂದ 254 ದಿನದ ತನಕ. ನಡುವೆ ಒಂದು ದಿನ ತಪ್ಪಿದ್ರ ಎಲ್ಲಾ ಹೋಯ್ತು ಅಂತ ಏನೂ ಇಲ್ಲ ಅಂತಾನೂ ಅದರಾಗೇ ಗೊತ್ತಾಯ್ತು. ಹಂಗಾಗಿ ಇವತ್ತೇ ಮತ್ತ ಶುರು ಮಾಡು.

ಪ್ರಶ್ನೆ: ನಮ್ಮವ್ವನಿಗೆ ಎಪ್ಪತ್ತು ದಾಟೈತಿ. ಉಂಡದ್ದು ಮರೆತು ಮತ್ತೆ ಊಟ ಕೇಳ್ತಾಳ, ಆದ್ರ ಐವತ್ತು ವರ್ಷದ ಹಿಂದಿನ ಜಾತ್ರಿ ವಿಚಾರ ಅಕ್ಷರ ಬಿಡದಂಗ ಹೇಳ್ತಾಳ. ನಾಟಕ ಮಾಡ್ತಾಳ ಅಂತ ನನ್ನ ತಮ್ಮ ಗದರಸ್ತಾನ. ಅರವತ್ತಕ್ಕೆ ಅರಳುಮರಳು ಅಂತ ಸುಮ್ಮನಿರಬೇಕಾ?
— ಸಿರುಗುಪ್ಪ

ಉತ್ತರ: ಸುಮ್ಮನಿರಬ್ಯಾಡ್ರಿ, ಮತ್ತ ಗದರಿಸೋದು ಇವತ್ತಿಂದಾನೇ ನಿಲ್ಲಲಿ. ಇದು ನಾಟಕ ಅಲ್ಲ. ಹೊಸ ನೆನಪು ಕಟ್ಟೋದು ಕಿವಿಯ ಹಿಂದ ಆಳದಾಗಿರೋ ಹಿಪೊಕ್ಯಾಂಪಸ್ ಅನ್ನೋ ಭಾಗ, ಆಲ್ಜೈಮರ್‌ನಂಥ ಕಾಯಿಲೆಯಾಗ ಮೊದಲು ಪೆಟ್ಟು ತಿನ್ನೋದು ಅದೇ. ಹಳೇ ನೆನಪು ಆಗಲೇ ಮಿದುಳಿನ ಬ್ಯಾರೆ ಬ್ಯಾರೆ ಕಡೆ ಹೋಗಿ ಕೂತಿರ್ತಾವ, ಹಂಗಾಗಿ ಜಾತ್ರಿ ಉಳಿದೈತಿ, ಮುಂಜಾನೆ ಉಂಡ ರೊಟ್ಟಿ ಹೋಗೈತಿ. 1953ರಾಗ ಹೆನ್ರಿ ಮೊಲೈಸನ್ ಅನ್ನೋ ಅಮೆರಿಕದ ಒಬ್ಬ ಯುವಕನಿಗೆ ಫಿಟ್ಸ್ ನಿಲ್ಲಿಸಾಕ ಆಪರೇಶನ್ ಮಾಡಿ ಎರಡೂ ಕಡೆಯ ಆ ಭಾಗ ತಗದಿದ್ರು, 2008ರಾಗ ಸಾಯೋ ತನಕ ಆತ ಹೊಸದಾಗಿ ಭೆಟ್ಟಿ ಆದವರನ್ನ ನೆನಪಿಡಾಕ ಆಗಲಿಲ್ಲ, ಬಾಲ್ಯದ್ದು ಮಾತ್ರ ಹೇಳ್ತಿದ್ದ. ಆತನಿಂದಾನೇ ಜಗತ್ತಿಗೆ ಈ ಸಂಗತಿ ಗೊತ್ತಾದದ್ದು.

ತಮ್ಮನಿಗೆ ಇದೊಂದು ಹೇಳ್ರಿ. 2010ರಾಗ ಅಮೆರಿಕದ ಅಯೋವಾದಾಗ ನೆನಪು ಕಳ್ಕೊಂಡ ಪೇಶಂಟುಗಳಿಗೆ ದುಃಖದ ಸಿನಿಮಾ ತುಣುಕು ತೋರಿಸಿ ನೋಡಿದ್ರು, ಸ್ವಲ್ಪ ಹೊತ್ತಿಗೆ ನೋಡಿದ್ದೆಲ್ಲ ಮರೆತು ಹೋಗಿತ್ತು, ದುಃಖ ಮಾತ್ರ ಎದಿಯಾಗ ಉಳಿದಿತ್ತು, ಯಾಕಂತ ಅವರಿಗೆ ತಿಳಿದಿರಲಿಲ್ಲ. ಅವ್ವಗ ಗದರಿಸಿದ್ದು ನೆನಪಿರಂಗಿಲ್ಲ, ಆದ್ರ ದಿನಪೂರ್ತಿ ಕುಗ್ಗಿ ಕುಂತಿರ್ತಾಳ. ಊಟ ಕೇಳಿದ್ರ ಈಗ ತಾನೇ ಉಂಡಿಯಲ್ಲ ಅಂತ ವಾದ ಮಾಡೋ ಬದಲು ಬೆಲ್ಲ ಶೇಂಗಾ ಒಂದಿಷ್ಟು ಕೈಗೆ ಕೊಟ್ಟು ಆ ಜಾತ್ರಿ ಕಥಿ ಕೇಳ್ರಿ. ಸಕ್ಕರಿ ಕಾಯಿಲೆ ಇದ್ರ ಬೆಲ್ಲ ಬ್ಯಾಡ.

ಡಾಕ್ಟರ್ ಹತ್ರ ಯಾಕ ಹೋಗಬೇಕು ಅಂದ್ರ, ಬಿ12 ಕೊರತೆ, ಥೈರಾಯ್ಡ್, ಮನಸಿನ ಖಿನ್ನತೆ, ಎಂದೋ ಬಿದ್ದು ತಲಿಯೊಳಗ ಹೆಪ್ಪುಗಟ್ಟಿದ ರಕ್ತ, ಇವೂ ಹಿಂಗೇ ಮರವು ತರ್ತಾವ, ಇವಕ್ಕ ಚಿಕಿತ್ಸೆ ಐತಿ, ವಯಸ್ಸಾಯ್ತು ಅಂತ ಬಿಟ್ರ ಗುಣ ಆಗೋದನ್ನೂ ಕೈಯಾರೆ ಕಳ್ಕೊಂಡಂಗ. ಕಿವಿ, ಕಣ್ಣು ತೋರಿಸ್ರಿ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ 2024ರಾಗ ಹೇಳಿದ ಪ್ರಕಾರ ತಡಿಯಬಹುದಾದ 14 ಅಪಾಯದ ಅಂಶ ಸರಿ ಮಾಡಿದ್ರ ಡಿಮೆನ್ಶಿಯಾ ಅಂದ್ರ ಈ ಮರವಿನ ಕಾಯಿಲೆಯ ಸುಮಾರು 45 ಪರ್ಸೆಂಟ್ ತಪ್ಪಿಸಬಹುದು ಇಲ್ಲಾ ಮುಂದೂಡಬಹುದು, ಅದರಾಗ ಬಿಪಿ, ಶುಗರ್, ಸಿಗರೇಟು ಇವುಗಳ ಜೊತಿ ಕಿವಿ ಮಂದ ಆಗೋದು, ಕಣ್ಣು ಕಾಣದಿರೋದೂ ಸೇರ್ಯಾವ. ಇದು ಅವ್ವನಿಗಿಂತ ಹೆಚ್ಚಾಗಿ ನಿಮಗೂ ನಿಮ್ಮ ತಮ್ಮನಿಗೂ ಬೇಕಾದ ಮಾತು. ಮತ್ತ ನೋಡ್ಕೊಳ್ಳೋರ ಮನಸೂ ಸೋಲ್ತದ, ಮಾತಾಡಬೇಕು ಅನಿಸಿದ್ರ ಮನಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಇರ್ತದ, ಕನ್ನಡದಾಗೇ ಮಾತಾಡಬಹುದು.

ಪ್ರಶ್ನೆ: ಸೆಕೆಂಡ್ ಪಿಯುಸಿ ಸೈನ್ಸ್. ರಾತ್ರಿ ಎರಡರ ತನಕ ಓದ್ತೀನಿ, ಮಾರ್ಕರ್‌ನಿಂದ ಪುಸ್ತಕ ಪೂರ್ತಿ ಹಳದಿ ಮಾಡೀನಿ, ಓದುವಾಗ ಎಲ್ಲ ಗೊತ್ತೈತಿ ಅನಿಸ್ತದ, ಟೆಸ್ಟಿನಾಗ ಏನೂ ಬರಂಗಿಲ್ಲ.
— ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಅದೇ ಪುಟ ಮತ್ತ ಮತ್ತ ಓದಿದಾಗ ಕಣ್ಣಿಗೆ ಪರಿಚಯ ಆಗ್ತದವ್ವ, ಆ ಪರಿಚಯಾನೇ ಗೊತ್ತೈತಿ ಅನ್ನೋ ಭಾವನಾ ಕೊಡ್ತದ. 2006ರಾಗ ರೋಡಿಗರ್ ಮತ್ತು ಕಾರ್ಪಿಕ್ ಇದನ್ನ ಪರೀಕ್ಷೆ ಮಾಡಿದ್ರು, ಪಾಠ ಮರಳಿ ಓದಿದವರು ಐದು ನಿಮಿಷ ಬಿಟ್ಟು ಕೊಟ್ಟ ಟೆಸ್ಟಿನ್ಯಾಗ ಮುಂದಿದ್ರು, ವಾರ ಬಿಟ್ಟು ಟೆಸ್ಟ್ ಕೊಟ್ರ ಪುಸ್ತಕ ಮುಚ್ಚಿ ನೆನಪು ಮಾಡ್ಕೊಂಡು ಬರೆದವರು ಮುಂದಿದ್ರು. ಒಂದು ಪುಟ ಓದು, ಮುಚ್ಚು, ಖಾಲಿ ಹಾಳಿ ಮ್ಯಾಲೆ ನೆನಪಿದ್ದಷ್ಟು ಬರಿ, ಬಿಟ್ಟದ್ದನ್ನ ತಗದು ನೋಡು, ನಾಳೆ ಒಮ್ಮೆ, ನಾಕು ದಿನ ಬಿಟ್ಟು ಒಮ್ಮೆ ಹಂಗೇ ಬರಿ. ಮೊದಲು ಬಾಳ ತ್ರಾಸಾಗ್ತದ, ಆ ತ್ರಾಸೇ ಕಲಿಕೆ. ಮತ್ತ ಎರಡರ ತನಕ ಕೂಡಬ್ಯಾಡ. ಇಲಿ ಓಡಾಡಿದ ದಾರಿಯನ್ನ ಆಮೇಲೆ ನಿದ್ದಿಯಾಗ ಅದರ ಹಿಪೊಕ್ಯಾಂಪಸ್ ಮತ್ತ ಓಡಿಸಿ ನೋಡ್ತದ ಅಂತ ವಿಲ್ಸನ್, ಮೆಕ್‌ನಾಟನ್ 1994ರಾಗ ತೋರಿಸಿದ್ರು, ನೆನಪು ಗಟ್ಟಿ ಆಗೋ ಕೆಲಸ ನಿದ್ದಿಯಾಗೂ ನಡೀತದ. ನಿದ್ದಿ ಕದ್ದು ಓದಿದ್ರ ಬಿತ್ತಿ ನೀರು ಹಾಯಿಸದಂಗ.

ಪ್ರಶ್ನೆ: ನಮ್ಮ ದೊಡ್ಡಪ್ಪಗೆ ಲಕ್ವಾ ಹೊಡೀತು. ಊರವರು ಪಾರಿವಾಳದ ರಕ್ತ ಹಚ್ಚಿದ್ರು, ನಾಟಿ ಔಷಧಕ್ಕೆ ಓಡಾಡಿ ಮೂರು ದಿನ ಆದ ಮೇಲೆ ಆಸ್ಪತ್ರಿಗೆ ಹೋದ್ವಿ, ತಡ ಆಯ್ತು ಅಂದ್ರು. ಈಗ ಬಲಗೈ ಎತ್ತಂಗಿಲ್ಲ. ಇನ್ನೇನಾದ್ರೂ ಮಾಡಬಹುದಾ?
— ಮಾನ್ವಿ

ಉತ್ತರ: ಮಾಡಬಹುದು. ಸತ್ತ ಕೋಶ ತಿರುಗಿ ಬರಂಗಿಲ್ಲ, ಆದ್ರ ಅಕ್ಕಪಕ್ಕದ ಭಾಗಗಳು ಆ ಕೆಲಸ ಕಲಿತಾವ, ಅದಕ್ಕ ಕೈಯನ್ನ ದಿನಾ, ನೂರಾರು ಸಲ ದುಡಿಸಬೇಕು. ಒಳ್ಳೆ ಕೈಯಿಂದಾನೇ ಎಲ್ಲಾ ಮಾಡ್ಕೊಂಡ್ರ ಬಿದ್ದ ಕೈಯನ್ನ ಮಿದುಳು ಪೂರಾ ಮರೀತದ ಅಂತ ಎಡ್ವರ್ಡ್ ಟಾಬ್ ಅನ್ನೋ ವಿಜ್ಞಾನಿ ತೋರಿಸಿದ, ಹಂಗಾಗಿ ಕೈಯಾಗ ಸ್ವಲ್ಪಾದ್ರೂ ಚಲನೆ ಇರೋರಿಗೆ ದಿನಕ್ಕ ಕೆಲವು ತಾಸು ಒಳ್ಳೆ ಕೈಗೆ ಚೀಲ ಹಾಕಿ ಬಿದ್ದ ಕೈಯಿಂದಾನೇ ಕೆಲಸ ಮಾಡಿಸ್ತಾರ. ದೊಡ್ಡಪ್ಪಗ ಅದು ಹೊಂದತದಾ ಅಂತ ಫಿಸಿಯೊಥೆರಪಿಯವರು ನೋಡಿ ಹೇಳ್ತಾರ. ಮೊದಲ ಕೆಲವು ತಿಂಗಳು ಬಾಳ ಬೆಲೆಬಾಳೋವು, ರಾಯಚೂರಿನ ರಿಮ್ಸ್ ಆಸ್ಪತ್ರಿಗೆ ಕರ್ಕೊಂಡು ಹೋಗ್ರಿ, ಕಲಿಸಿದ್ದನ್ನ ಮನ್ಯಾಗ ಮಾಡಿಸ್ರಿ, ಬಿಪಿ ಗುಳಿಗಿ ಬಿಡಿಸಬ್ಯಾಡ್ರಿ.

ಇದನ್ನ ಓದೋ ಎಲ್ಲರಿಗೂ ಒಂದು ಕೇಳ್ಕೋತೀನಿ. ಮುಖ ಒಂದು ಕಡೆ ಸೊಟ್ಟ ಆತು, ಎರಡೂ ಕೈ ಎತ್ತು ಅಂದ್ರ ಒಂದು ಕೆಳಗ ಜಾರ್ತು, ಮಾತು ತೊದಲ್ತು, ಮೂರರಾಗ ಒಂದು ಕಂಡ್ರೂ ಅದು ಲಕ್ವಾ ಇರಬಹುದು. ಚಿಕಿತ್ಸೆ ಇಲ್ಲದ ಪ್ರತಿ ನಿಮಿಷಕ್ಕ ಸುಮಾರು 19 ಲಕ್ಷ ನರಕೋಶ ಸಾಯ್ತಾವ ಅಂತ 2006ರಾಗ ಲೆಕ್ಕ ಹಾಕ್ಯಾರ. ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಕೊಡಬೇಕಾದ್ರ ಶುರುವಾಗಿ ನಾಕೂವರಿ ತಾಸಿನೊಳಗ ಕೊಡಬೇಕು, ಅದಕ್ಕೂ ಮುಂಚೆ ಸಿಟಿ ಸ್ಕ್ಯಾನ್ ಆಗಬೇಕು, ಯಾಕಂದ್ರ ರಕ್ತನಾಳ ಒಡೆದು ಆದ ಲಕ್ವಾಕ್ಕ ಅದೇ ಇಂಜೆಕ್ಷನ್ ಕೊಟ್ರ ಜೀವಕ್ಕೇ ಅಪಾಯ. ಮಾನ್ವಿಯಿಂದ, ಮಸ್ಕಿಯಿಂದ, ಹಳ್ಳಿಯಿಂದ ಹೊರಟ್ರ ದಾರಿಯಾಗೇ ಎಷ್ಟು ಹೊತ್ತು ಹೋಗ್ತದ ಯೋಚನಿ ಮಾಡ್ರಿ. 108ಕ್ಕ ಹಚ್ಚಿ ಲಕ್ವಾ ಅಂತ ಹೇಳ್ರಿ, ಸಿಟಿ ಸ್ಕ್ಯಾನ್ ಇರೋ ಆಸ್ಪತ್ರಿಗೇ ಒಯ್ಯಿರಿ ಅನ್ರಿ. ಕೊನೆಯ ಸಲ ಅವರು ಸರಿ ಇದ್ದದ್ದು ಎಷ್ಟು ಗಂಟೆಗೆ ಅಂತ ಚೀಟಿಯಾಗ ಬರ್ಕೊರಿ, ಡಾಕ್ಟರ್ ಮೊದಲು ಕೇಳೋದು ಅದನ್ನೇ. ಬಾಯಿಗೆ ನೀರು, ಚಾ, ಗುಳಿಗಿ ಏನೂ ಹಾಕಬ್ಯಾಡ್ರಿ, ನುಂಗೋ ಶಕ್ತಿ ಹೋಗಿದ್ರ ಉಸಿರಿನ ದಾರಿಗೆ ಹೋಗ್ತದ. ಪಾರಿವಾಳ ತರೋರು ಬಂದ್ರ ಅವರ ಗಾಡಿ ಆಸ್ಪತ್ರಿಗೆ ಹೋಗಾಕ ಕೊಡಿ ಅಂತ ಕೇಳ್ರಿ.